ಮಂಗಳೂರು–ಜಿದ್ದಾ: ಆರು ಗಂಟೆಯ ದಾರಿಗೆ ಒಂದು ದಿನ ಏಕೆ?

ಮಂಗಳೂರಿನಿಂದ ಜಿದ್ದಾಕ್ಕೆ ಆಕಾಶಮಾರ್ಗದಲ್ಲಿ ನೇರ ಅಂತರ ಸುಮಾರು 3,900 ಕಿ.ಮೀ. ನೇರ ವಿಮಾನ ಸಿಕ್ಕಿದರೆ ಐದೂವರೆಯಿಂದ ಆರು ಗಂಟೆ. ದುಬೈ ಇನ್ನೂ ಹತ್ತಿರ, ಸುಮಾರು 2,450 ಕಿ.ಮೀ. ಮಂಗಳೂರಿನಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗಲಿಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಆದರೂ ಉಪ್ಪಳದ ಯುವಕನೊಬ್ಬ ಜಿದ್ದಾದಿಂದ ಮನೆ ಮುಟ್ಟುವಾಗ ಕೆಲವೊಮ್ಮೆ ಒಂದಿಡೀ ದಿನ ಕಳೆದಿರುತ್ತದೆ.

ಟಿಕೆಟಿನಲ್ಲಿರುವ ಸಮಯ ನೋಡಿದರೆ ಇದು ಗೊತ್ತಾಗುವುದಿಲ್ಲ. ಸೌದಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ರಾತ್ರಿ 10ಕ್ಕೆ ಹೊರಟು ಐದೂವರೆ ಗಂಟೆ ಹಾರಿದರೆ ಅಲ್ಲಿ ಇಳಿಯುವಾಗ ರಾತ್ರಿ 1 ಗಂಟೆ. ಕಾಗದದಲ್ಲಿ ಮೂರೇ ಗಂಟೆ! ಊರಿಗೆ ಬರುವಾಗ ಅದೇ ಎರಡೂವರೆ ಗಂಟೆ ಲೆಕ್ಕಕ್ಕೆ ಸೇರುತ್ತದೆ. ನಿಜವಾದ ವಿಳಂಬ ಬೇರೆಡೆ ಇದೆ. ನೇರ ವಿಮಾನ ಇಲ್ಲದ ದಿನ ಮುಂಬೈಯಲ್ಲೋ ಬೆಂಗಳೂರಲ್ಲೋ ಇಳಿದು, ಕಾದು, ಇನ್ನೊಂದು ವಿಮಾನ ಹತ್ತಬೇಕು.

ಉಮ್ರಾ ಯಾತ್ರಿಕರಿಗೆ ಇದು ಆಯಾಸ, ಖರ್ಚು. ಮನೆಯಲ್ಲಿ ಮರಣ ಆದಾಗ ವಿಷಯವೇ ಬೇರೆ. ಮಯ್ಯಿತ್ ಅನ್ನು ಹೆಚ್ಚು ಹೊತ್ತು ಇಡುವ ಕ್ರಮ ನಮ್ಮಲ್ಲಿಲ್ಲ. ಬೆಳಗ್ಗೆ ತೀರಿಕೊಂಡವರ ದಫನ ಹೆಚ್ಚಾಗಿ ಅಂದೇ ಮುಗಿಯುತ್ತದೆ. ಆ ದಿನ ನೇರ ವಿಮಾನ ಇದ್ದರೆ ತಂದೆಯ ಮಯ್ಯಿತ್ ನಮಾಝಿಗೆ ಮುಟ್ಟುವ ಒಂದು ಸಾಧ್ಯತೆಯಾದರೂ ಮಗನಿಗಿದೆ. ಸುತ್ತಿ ಬರುವವನು ಹೆಚ್ಚಾಗಿ ಖಬರ್ ಬಳಿಗೇ ಹೋಗಬೇಕು.

ಇದಕ್ಕೆ ಕಾರಣ ದೂರವಲ್ಲ. ಮಂಗಳೂರಿಗೆ ಬರುವ ಬೋಯಿಂಗ್ 737 ಒಂದೇ ಹಾರಾಟದಲ್ಲಿ 5,000 ಕಿ.ಮೀ. ದಾಟಬಲ್ಲದು. ಬಜ್ಪೆಯ ಟೇಬಲ್‌ಟಾಪ್ ರನ್‌ವೇ 2,450 ಮೀಟರ್ ಮಾತ್ರ, ದೊಡ್ಡ ವಿಮಾನಗಳಿಗೆ ಅದು ಸಾಲದು ಎಂಬುದು ನಿಜ. ಆದರೆ 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣಕ್ಕೆ 3,050 ಮೀಟರ್ ರನ್‌ವೇ ಇದೆ. ಅಲ್ಲಿಗೂ ವಿದೇಶಿ ಕಂಪೆನಿಗಳ ನಿಯಮಿತ ಪ್ರಯಾಣಿಕ ವಿಮಾನ ಬರುತ್ತಿಲ್ಲ. ವಿದೇಶಿ ಕಂಪೆನಿಗಳು ಯಾವ ಊರಿಗೆ ಹಾರಬಹುದು ಎಂಬುದು ಎರಡು ದೇಶಗಳ ಒಪ್ಪಂದದಲ್ಲಿ ತೀರ್ಮಾನವಾಗುತ್ತದೆ. ಆ ಪಟ್ಟಿಯಲ್ಲಿ ಸಿಗುವ ಸ್ಥಾನಕ್ಕೆ 'ಪಾಯಿಂಟ್ ಆಫ್ ಕಾಲ್' ಎನ್ನುತ್ತಾರೆ. ಮಂಗಳೂರಿಗೂ ಕಣ್ಣೂರಿಗೂ ಅದು ಸಿಕ್ಕಿಲ್ಲ. ಹಾಗಾಗಿ ಒಂದೆರಡು ಭಾರತೀಯ ಕಂಪೆನಿಗಳ ವೇಳಾಪಟ್ಟಿಯೇ ನಮ್ಮ ಗತಿ. ಪೈಪೋಟಿ ಇಲ್ಲದ ಕಡೆ ರಜೆ, ಹಬ್ಬ ಬಂದಾಗ ದರ ಏರದೆ ಇರುತ್ತದೆಯೇ?

ಗಡಿನಾಡಿನವರ ಕಷ್ಟ ಇನ್ನೊಂದಿದೆ. ಕಾಸರಗೋಡಿನಿಂದ ಬಜ್ಪೆ ಸುಮಾರು 60 ಕಿ.ಮೀ., ಕಣ್ಣೂರು ನಿಲ್ದಾಣ 100 ಕಿ.ಮೀ.ಗೂ ದೂರ. ಮಂಜೇಶ್ವರದವರ ಓಟು ಕೇರಳದಲ್ಲಿ, ವಿಮಾನ ಕರ್ನಾಟಕದಲ್ಲಿ. ಕೇರಳದ ನಾಯಕರು ಕಣ್ಣೂರಿನ ಬಗ್ಗೆ ಮಾತಾಡಿದರೆ, ಮಂಗಳೂರಿನವರಿಗೆ ತಲಪಾಡಿಯ ಆಚೆಯ ಪ್ರಯಾಣಿಕರು ಮತದಾರರಲ್ಲ. ಆದರೆ ವಿಮಾನಯಾನ ಕೇಂದ್ರ ಸರಕಾರದ ವಿಷಯ. ಕಾಸರಗೋಡಿನ ಸಂಸದರು ಮಂಗಳೂರಿನ ಪರವಾಗಿ ಪಾರ್ಲಿಮೆಂಟಿನಲ್ಲಿ ಕೇಳಲು ಯಾವ ಗಡಿಯೂ ಅಡ್ಡ ಬರುವುದಿಲ್ಲ.

ಗಲ್ಫ್‌ನಲ್ಲಿರುವ ನಮ್ಮ ಸಂಘಟನೆಗಳು ಮನವಿ ಕೊಡುವಾಗ 'ನಿಲ್ದಾಣ ಅಭಿವೃದ್ಧಿ ಮಾಡಿ' ಎಂದರೆ ಸಾಲದು. ಜಿದ್ದಾಕ್ಕೆ ವಾರದಲ್ಲಿ ಎಷ್ಟು ದಿನ ನೇರ ವಿಮಾನ ಬೇಕು, ಪಾಯಿಂಟ್ ಆಫ್ ಕಾಲ್ ಯಾವಾಗ ಕೊಡುತ್ತೀರಿ ಎಂದು ಅಂಕಿ ಹಿಡಿದು ಕೇಳಬೇಕು. ಎಷ್ಟು ಮಂದಿ ಬೇರೆ ಊರು ಸುತ್ತಿ ಬರುತ್ತಿದ್ದಾರೆ ಎಂಬ ಲೆಕ್ಕವನ್ನು ಯುವಕರೇ ಮೊಹಲ್ಲಾ ಮೊಹಲ್ಲಾಗಳಲ್ಲಿ ಬರೆದಿಟ್ಟರೆ, ಆ ಮನವಿಯನ್ನು ಬದಿಗೆ ಸರಿಸುವುದು ಅಷ್ಟು ಸುಲಭವಲ್ಲ.