ಹೆಬ್ಬಾಳದ ಕೋಳಿ, ನಮ್ಮ ತೋಟದ ಲೆಕ್ಕ

ಅಡಿಕೆಗೆ ಎಲೆಚುಕ್ಕಿ ರೋಗ ಹತ್ತಿದ ಮೇಲೆ ಸದಸ್ಯ ಬಾಂಧವರಲ್ಲಿ ಹಲವರು ಉಪಕಸುಬಿನ ಮಾತೆತ್ತುತ್ತಿದ್ದಾರೆ. ಮೊಟ್ಟೆಕೋಳಿ ಸಾಕಲು ಸಾಲ ಸಿಗುವುದೇ ಎಂದು ಕೇಳುವವರೂ ಇದ್ದಾರೆ. ಆಸೆ ತಪ್ಪಲ್ಲ. ಕಾಫಿ, ಅಡಿಕೆಯ ಹಣ ವರ್ಷಕ್ಕೊಮ್ಮೆ ಬಂದರೆ ಮೊಟ್ಟೆಯ ಹಣ ವಾರವಾರವೂ ಬರುತ್ತದೆ. ಆದರೆ ಸಾವಿರ ಕೋಳಿಗಳ ಪಂಜರದ ಶೆಡ್ಡಿಗಾಗಿ ತೋಟ ಅಡವಿಡಲು ಹೊರಟವರಿಗೆ ನಾವು ಬೇಡವೆಂದೇ ಹೇಳುತ್ತೇವೆ.

ಪಂಜರದ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿಂದು ವರ್ಷಕ್ಕೆ 300ರಷ್ಟು ಮೊಟ್ಟೆಯಿಡುತ್ತದೆ. ಸಾವಿರ ಕೋಳಿಗೆ ದಿನಕ್ಕೆ ಒಂದು ಕ್ವಿಂಟಲಿಗೂ ಮಿಕ್ಕಿ ಆಹಾರ ಬೇಕು. ಖರ್ಚಿನ ರೂಪಾಯಿಯಲ್ಲಿ ಹೆಚ್ಚುಕಡಿಮೆ 70 ಪೈಸೆ ಇದಕ್ಕೇ ಹೋಗುತ್ತದೆ. ಮೆಕ್ಕೆಜೋಳ ದಾವಣಗೆರೆ, ಹಾವೇರಿ ಕಡೆಯಿಂದ ಲಾರಿ ಬಾಡಿಗೆ ತೆತ್ತು ಬರಬೇಕು. ಈಗ ಎಥೆನಾಲ್ ಕಾರ್ಖಾನೆಗಳೂ ಅದಕ್ಕೆ ಗಿರಾಕಿಗಳು. ಮಾರುವ ದರವನ್ನಾದರೋ 1982ರಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನದಿನವೂ ಸೂಚಿಸುತ್ತದೆ. ಲಕ್ಷ ಕೋಳಿ ಸಾಕುವ ನಾಮಕ್ಕಲ್ಲಿನವನೊಡನೆ ಸಾವಿರ ಸಾಕುವ ನಾವು ಆ ದರದಲ್ಲಿ ಪೈಪೋಟಿ ಮಾಡಲಾರೆವು. ಮಲೆನಾಡಿನ ತೇವ, ಕರೆಂಟಿನ ಕಣ್ಣಾಮುಚ್ಚಾಲೆ ಬೇರೆ.

ನಮಗೊಪ್ಪುವ ಕೋಳಿ ಬೆಂಗಳೂರಿನ ಹೆಬ್ಬಾಳದಲ್ಲಿ ಹುಟ್ಟಿದೆ. ಇಂದು ಹೆಬ್ಬಾಳವೆಂದರೆ ಜನಕ್ಕೆ ಮೇಲ್ಸೇತುವೆಯೂ ವಾಹನಗಳ ಸಾಲೂ ನೆನಪಾಗುತ್ತವೆ. ಅಲ್ಲೇ ಬಳ್ಳಾರಿ ರಸ್ತೆಯ ಪಕ್ಕದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿದೆ. ಕೃಷಿ ವಿಶ್ವವಿದ್ಯಾನಿಲಯದ ಆಡಳಿತದಲ್ಲಿದ್ದಾಗ, 1989ರಲ್ಲಿ, ಅಲ್ಲಿಂದ ಗಿರಿರಾಜ ತಳಿ ಹೊರಬಂತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮೇಲೆ 2005ರಲ್ಲಿ ಸ್ವರ್ಣಧಾರಾ ಬಂತು. ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಟ್ಟರೆ ಸ್ವರ್ಣಧಾರಾ 180ರಿಂದ 190ರವರೆಗೆ ಇಡುತ್ತದೆ. ಮೈಭಾರವೂ ಕಡಿಮೆ, ನರಿ ಕಾಡುಬೆಕ್ಕುಗಳಿಂದ ತಪ್ಪಿಸಿಕೊಳ್ಳಬಲ್ಲದು.

ಒಂದು ಮಾತು ಮುಚ್ಚಿಡಬಾರದು. ಇದನ್ನೂ ಕೂಡಿಹಾಕಿ ಕೊಂಡ ಆಹಾರವನ್ನೇ ಹಾಕಿದರೆ ಮೊಟ್ಟೆಯೊಂದಕ್ಕೆ 220 ಗ್ರಾಂ ಆಹಾರ ತಗಲುತ್ತದೆ. ಪಂಜರದ ಕೋಳಿಗೆ 135 ಸಾಕು. ಪೇಟೆ ದರಕ್ಕೆ ಮಾರಿದರೆ ನಷ್ಟವೇ. ಆದ್ದರಿಂದ ಅಡಿಕೆಯ ನೆರಳಲ್ಲಿ ಹುಳುಹುಪ್ಪಟೆ ಹೆಕ್ಕಲು ಬಿಡಬೇಕು, ಮೊಟ್ಟೆಯನ್ನು ಹತ್ತಿರದ ಪೇಟೆಯ ಮನೆಗಳಿಗೂ ಹೋಂಸ್ಟೇಗಳಿಗೂ ಹೆಚ್ಚಿನ ಬೆಲೆಗೆ ನೇರ ಕೊಡಬೇಕು. ನಾಟಿ ಮೊಟ್ಟೆ ಎಂದು ಮಾತ್ರ ಹೇಳಬೇಡಿ; ಕಂದು ಮೊಟ್ಟೆಯೆಲ್ಲ ನಾಟಿಯಲ್ಲ, ಗಿರಾಕಿಗೆ ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಬೋರ್ಡೋ ಅಥವಾ ಕೀಟನಾಶಕ ಹೊಡೆಯುವ ದಿನಗಳಲ್ಲಿ ಕೋಳಿಗಳು ಗೂಡಿನಲ್ಲೇ ಇರಲಿ. ಗೊಬ್ಬರವನ್ನು ಹಸಿಯಾಗಿ ಬುಡಕ್ಕೆ ಹಾಕದೆ ಕೊಳೆಸಿ ಹಾಕಿ.

ನಮ್ಮನ್ನು ನಿಜವಾಗಿ ಕಾಡುವುದು ಕೊಕ್ಕರೆ ರೋಗ. ಬಂತೆಂದರೆ ವಾರದೊಳಗೆ ಗೂಡು ಖಾಲಿ. ಲಸಿಕೆ ಹೆಬ್ಬಾಳದ ಸರ್ಕಾರಿ ಜೈವಿಕ ಸಂಸ್ಥೆಯಲ್ಲೇ ತಯಾರಾಗುತ್ತ ಬಂದಿದೆ, ದುಬಾರಿಯೂ ಅಲ್ಲ. ತೊಡಕಿರುವುದು ಸೀಸೆಯಲ್ಲಿ. ಒಂದು ಸೀಸೆ ನೂರು ಕೋಳಿಗೋ ಇನ್ನೂ ಹೆಚ್ಚಿಗೋ ಆಗುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಇಪ್ಪತ್ತು ಕೋಳಿ ಇರುವ ಮನೆಯವರು ಅದಕ್ಕಾಗಿ ತಾಲ್ಲೂಕು ಕೇಂದ್ರಕ್ಕೆ ಹೋದಾರೆ? ಹೋಗುವುದಿಲ್ಲ, ಕೋಳಿ ಸಾಯುತ್ತದೆ. ಹತ್ತು ಮನೆ ಸೇರಿದರೆ ಒಂದು ಸೀಸೆ ಸಾರ್ಥಕ. ಸಾಲಕ್ಕಿಂತ ಮೊದಲು ನಮ್ಮ ಸಂಘ ಮಾಡಬೇಕಾದ ಕೆಲಸ ಇದು.

ಕಾಯಿಲೆಗೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ಯಲಹಂಕದಾಚೆಯ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಗೇ 2012ರ ಅಕ್ಟೋಬರಿನಲ್ಲಿ ಹಕ್ಕಿಜ್ವರ ನುಗ್ಗಿತು. ಸಂತೆಯಿಂದ ತಂದ ಕೋಳಿಯನ್ನು ಅಂದೇ ಗುಂಪಿಗೆ ಬಿಡುವ ನಮ್ಮ ಅಭ್ಯಾಸ ನಿಲ್ಲಲಿ. ಕನಿಷ್ಠ ಎರಡು ವಾರ ಬೇರೆ ಇರಿಸಿ.

ಶೆಡ್ಡು ಆಮೇಲೆ ನೋಡೋಣ. ಮೊದಲು ಐವತ್ತು ಮರಿ, ಒಂದು ಭದ್ರ ಗೂಡು. ಮರಿ ಬೇಕಾದವರು ಸಂಘದಲ್ಲಿ ಹೆಸರು ಕೊಟ್ಟರೆ ಎಲ್ಲರಿಗೂ ಒಂದೇ ದಿನ ತರಿಸಬಹುದು, ಲಸಿಕೆಯೂ ಒಂದೇ ದಿನ ಆಗುತ್ತದೆ.