ತುಂಗೆಯ ಪಟ್ಟೆ ಮೀನು ನಿಮ್ಮ ಪಂಚಾಯ್ತಿಯ ದಾಖಲೆಯಲ್ಲಿದೆಯೇ?

ಬೆಂಗಳೂರಿನ ಒಂದು ಅಕ್ವೇರಿಯಂ ಅಂಗಡಿ. ಗಾಜಿನ ತೊಟ್ಟಿಯ ತಳದಲ್ಲಿ ಬೆರಳುದ್ದದ ಮೀನುಗಳು ಗುಂಪಾಗಿ ಓಡಾಡುತ್ತಿದ್ದವು. ಮೈತುಂಬ ಪಟ್ಟೆ, ಬಾಯಿಯ ಹತ್ತಿರ ಪುಟ್ಟ ಮೀಸೆ. ‘ಎಲ್ಲಿಯ ಮೀನು ಇದು?’ ಎಂದು ಕೇಳಿದೆ. ‘ಜೀಬ್ರಾ ಲೋಚ್, ಫಾರಿನ್ ಮೀನು’ ಎಂದರು ಅಂಗಡಿಯವರು.

ಫಾರಿನ್ ಅಲ್ಲ. ಅದು ನಮ್ಮ ತುಂಗೆಯ ಮೀನು.

1920ರಲ್ಲಿ ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣರಾವ್ ಅವರು ತುಂಗಾ ನದಿಯಲ್ಲಿ ಸಿಕ್ಕ ಈ ಮೀನಿಗೆ ‘ಬೋಟಿಯಾ ಸ್ಟ್ರಯಾಟಾ’ ಎಂದು ಹೆಸರಿಟ್ಟರು. ಕರ್ನಾಟಕ, ಮಹಾರಾಷ್ಟ್ರದ ಪಶ್ಚಿಮ ಘಟ್ಟದಿಂದ ಹರಿಯುವ ಕೆಲವು ಹೊಳೆಗಳಲ್ಲಿ ಬಿಟ್ಟರೆ ಪ್ರಪಂಚದ ಬೇರೆ ಯಾವ ನದಿಯಲ್ಲೂ ಇದು ತಾನಾಗಿ ಇರುವುದಿಲ್ಲ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಪಾಯದಲ್ಲಿರುವ ಮೀನು.

ಹಾಗಿದ್ದರೂ ವ್ಯಾಪಾರ ನಿಂತಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 2005ರಿಂದ 2012ರವರೆಗೆ ಅಪಾಯದಲ್ಲಿರುವ 30 ಜಾತಿಯ ಕನಿಷ್ಠ 15 ಲಕ್ಷ ಸಿಹಿನೀರಿನ ಮೀನುಗಳು ಅಕ್ವೇರಿಯಂಗಾಗಿ ಭಾರತದಿಂದ ಹೊರದೇಶಕ್ಕೆ ಹೋದವು. ಅದರಲ್ಲಿ ದೊಡ್ಡ ಪಾಲು ಮೂರೇ ಬಗೆಯ ಮೀನುಗಳದ್ದು. ನಮ್ಮ ಪಟ್ಟೆ ಮೀನು ಅದರಲ್ಲಿ ಒಂದು.

ಬೆರಳುದ್ದದ ಮೀನು ಹೋದರೆ ಏನಾಯಿತು ಎಂದು ನೀವು ಕೇಳಬಹುದು. ಇದು ಹೊಳೆಯ ತಳದಲ್ಲಿ, ಕಲ್ಲಿನ ಸಂದಿಯಲ್ಲಿ ಗುಂಪುಗೂಡಿ ಬದುಕುವ ಮೀನು. ಹರಿಯುವ ಸ್ವಚ್ಛ ನೀರು ಬೇಕು. ಮರಳು ತೆಗೆದು, ಕೊಳಚೆ ಬಿಟ್ಟು ನಾವು ಆಗಲೇ ಅದರ ಜಾಗ ಕಿರಿದು ಮಾಡಿದ್ದೇವೆ. ಉಳಿದ ಜಾಗದಲ್ಲಿ ಗುಂಪುಗುಂಪಾಗಿ ಬಾಚಿಕೊಂಡು ಹೋದರೆ ಮರಿ ಹಾಕಲು ಯಾವುದು ಉಳಿಯುತ್ತದೆ?

ಹಾಗಂತ ಮೀನು ಹಿಡಿದು ಬದುಕುವವರ ಹೊಟ್ಟೆಯ ಮೇಲೆ ಹೊಡೆಯಿರಿ ಎಂದು ನಾನು ಹೇಳುತ್ತಿಲ್ಲ. ಮೇಲಿನಿಂದ ಬರುವ ನಿಷೇಧ ಹೇಗಿರುತ್ತದೆ ಎಂಬುದಕ್ಕೆ ಕೇರಳದ ಉದಾಹರಣೆ ಇದೆ. ‘ಮಿಸ್ ಕೇರಳ’ ಎಂದು ಕರೆಯುವ ಕೆಂಪು ಗೆರೆಯ ಮೀನನ್ನು ಉಳಿಸಲು 2008ರಲ್ಲಿ ಅಲ್ಲಿ ಕೆಲವು ತಿಂಗಳು ಹಿಡಿಯಬಾರದು ಎಂದು ನಿಯಮ ಮಾಡಿದರು. ಆದರೆ ಆ ತಿಂಗಳುಗಳಿಗೂ ಮೀನು ಮೊಟ್ಟೆ ಇಡುವ ಕಾಲಕ್ಕೂ ಸರಿಯಾಗಿ ತಾಳೆಯಾಗಲಿಲ್ಲ. ಮೀನು ಯಾವಾಗ ಮೊಟ್ಟೆ ಇಡುತ್ತದೆ, ಯಾವ ಮಡುವಿನಲ್ಲಿ ಸೇರುತ್ತದೆ ಎಂಬುದು ದಿನಾ ಹೊಳೆಗೆ ಇಳಿಯುವವರಿಗೆ ಗೊತ್ತು. ಅವರನ್ನು ಕೇಳದೆ ಮಾಡಿದ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಕೇಳಿಸಿಕೊಳ್ಳುವ ದಾರಿ ಕಾನೂನಿನಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಮೀನುಗಳ ವಿವರವನ್ನು ಜನರಿಂದಲೇ ಕೇಳಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಅವುಗಳ ಬಳಕೆಯ ಬಗ್ಗೆ ತೀರ್ಮಾನ ಮಾಡುವಾಗ ಜೀವವೈವಿಧ್ಯ ಮಂಡಳಿಯವರು ಈ ಸಮಿತಿಯನ್ನು ಕೇಳಬೇಕು. ಪುಸ್ತಕದಲ್ಲೇ ಇಲ್ಲದ ಮೀನಿನ ಬಗ್ಗೆ ಯಾರು ಯಾರನ್ನು ಕೇಳುತ್ತಾರೆ?

ಇದೇ ತುಂಗೆಯ ದಡದಲ್ಲಿ, ಶೃಂಗೇರಿಯಲ್ಲಿ, ನಾವು ದೊಡ್ಡ ಮೀನುಗಳಿಗೆ ಮಂಡಕ್ಕಿ ಹಾಕಿ ಕೈ ಮುಗಿಯುತ್ತೇವೆ. ಅಲ್ಲಿ ಬಲೆ ಹಾಕುವ ಧೈರ್ಯ ಯಾರೂ ಮಾಡುವುದಿಲ್ಲ. ಆ ಭಕ್ತಿ ಕಣ್ಣಿಗೆ ಕಾಣುವ ಮೀನನ್ನು ಕಾಯುತ್ತದೆ. ಕಲ್ಲಿನ ಅಡಿಯ ಸಣ್ಣ ಮೀನನ್ನು ಕಾಯಲು ಅದರ ಹೆಸರು ಬರೆದಿಟ್ಟ ಪುಸ್ತಕ ಬೇಕು.

ಮುಂದಿನ ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿ. ನಮ್ಮಲ್ಲಿ ಜೀವವೈವಿಧ್ಯ ಸಮಿತಿ ಇದೆಯೇ? ಅದರ ಪುಸ್ತಕದಲ್ಲಿ ನಮ್ಮ ಹೊಳೆಯ ಮೀನುಗಳಿವೆಯೇ? ಇಲ್ಲದಿದ್ದರೆ ಹೊಳೆ ಬಲ್ಲ ಹಿರಿಯರನ್ನು ಕರೆದುಕೊಂಡು ಹೋಗಿ ಬರೆಸಿ. ನಿಮ್ಮ ಊರಿನಲ್ಲಿ ಅದಕ್ಕೆ ಏನು ಹೆಸರಿದೆಯೋ ಅದೇ ಹೆಸರಿನಲ್ಲಿ ಬರೆಸಿ.

ಪೇಟೆಯಲ್ಲಿರುವ ನಿಮ್ಮ ಮಕ್ಕಳು ಅಕ್ವೇರಿಯಂ ಇಟ್ಟಿದ್ದರೆ ಅವರಿಗೂ ಒಂದು ಮಾತು ಹೇಳಿ: ಮೀನು ಸಾಕಣೆಯಲ್ಲಿ ಹುಟ್ಟಿದ್ದೋ, ಹೊಳೆಯಿಂದ ಹಿಡಿದದ್ದೋ ಎಂದು ಅಂಗಡಿಯಲ್ಲಿ ಕೇಳಲಿ. ಸರಿಯಾದ ಉತ್ತರ ಸಿಗದಿದ್ದರೆ ಕೊಳ್ಳದೆ ಬರಲಿ.