ಪೋಸ್ಟಲ್ ಕೋಡ್ ಬರೀಬೇಡಿ ಅಂದವರ ಪರವಾಗಿ

ಮೊನ್ನೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯೂನಿಯನ್ನಿನ ಮಾತು ಬಂತು. ಜೊತೆಗಿದ್ದ ಗೆಳೆಯನೊಬ್ಬ (ಒಳ್ಳೆ ಪ್ರೋಗ್ರಾಮರ್, ಒಳ್ಳೆ ಹುಡುಗ ಕೂಡ) ಮೊಸರನ್ನ ಕಲಸುತ್ತಲೇ ತೀರ್ಪು ಕೊಟ್ಟ. "ಯೂನಿಯನ್ ಅಂದ್ರೆ ಮೆಷಿನ್ ಬಂದ್ರೆ ಅಡ್ಡ ಮಲಗೋ ಗುಂಪು ಮಗಾ. ಕೆನಡಾದಲ್ಲಿ ಪೋಸ್ಟಲ್ ಕೋಡೇ ಬರೀಬೇಡಿ ಅಂತ ಜನಕ್ಕೆ ಹೇಳಿದ್ರಂತೆ. ಅದಕ್ಕಿಂತ ಪೆದ್ದತನ ಇದ್ಯಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸೀಟಿಗೆ ಬಂದು ಕೂತಾಗ ಯಾಕೋ ಸಮಾಧಾನ ಆಗಲಿಲ್ಲ. ಮನೆಗೆ ಹೋಗಿ ಆ ಕಥೆ ಹುಡುಕಿ ಓದಿದೆ. ಓದಿದ ಮೇಲೆ ನಕ್ಕಿದ್ದಕ್ಕೆ ನಾಚಿಕೆ ಆಯ್ತು.

ನಡೆದದ್ದು ಇಷ್ಟು. ನಮ್ಮಲ್ಲಿ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಕೆನಡಾದವರು ಅದಕ್ಕೂ ಒಂದು ವರ್ಷ ಮುಂಚೆ, 1971ರಲ್ಲಿ, ಒಟ್ಟಾವಾದಲ್ಲಿ ಆರು ಅಕ್ಷರ-ಅಂಕಿಗಳ ಕೋಡಿನ ಪ್ರಯೋಗ ಶುರು ಮಾಡಿದರು. ನಮ್ಮ ಪಿನ್ ಕೈಯಲ್ಲಿ ವಿಂಗಡಿಸುವವರಿಗೆ ಅನುಕೂಲವಾಗಲಿ ಅಂತ ಬಂದದ್ದು. ಅವರದ್ದು ಯಂತ್ರಕ್ಕಾಗಿಯೇ ಮಾಡಿದ್ದು. ಅಲ್ಲಿಯವರೆಗೆ ಸಾರ್ಟಿಂಗ್ ಅಂದರೆ ಗೂಡುಗೂಡಿನ ಕಪಾಟಿನ ಮುಂದೆ ನಿಂತು, ಯಾವ ಊರು ಯಾವ ಗೂಡಿಗೆ, ಯಾವ ಬೀದಿ ಯಾವ ಪೋಸ್ಟ್‌ಮ್ಯಾನ್‌ಗೆ ಅನ್ನೋದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಕಾಗದ ಎಸೆಯುವ ಕೆಲಸ. ಹೊಸ ವ್ಯವಸ್ಥೆಯಲ್ಲಿ ಒಬ್ಬರು ಕೀಬೋರ್ಡಿನ ಮುಂದೆ ಕೂತು, ಕಣ್ಣೆದುರು ಬರುವ ಒಂದೊಂದೇ ಲಕೋಟೆಯ ಕೋಡ್ ಟೈಪ್ ಮಾಡಬೇಕು. ಯಂತ್ರ ಲಕೋಟೆಯ ಮೇಲೆ ಗೆರೆಗಳನ್ನು ಹೊಡೆಯುತ್ತೆ. ಇನ್ನೊಂದು ಯಂತ್ರ ಆ ಗೆರೆ ಓದಿ ವಿಂಗಡಿಸುತ್ತೆ.

ಇಲ್ಲಿಯವರೆಗೂ ಸರಿ. ತಕರಾರು ಶುರುವಾದದ್ದು ಸಂಬಳದಲ್ಲಿ. ಕೈಯಲ್ಲಿ ವಿಂಗಡಿಸುವವರಿಗೆ ಗಂಟೆಗೆ 3.69 ಡಾಲರ್. ಕೀಬೋರ್ಡಿನ ಮುಂದೆ ಕೂರುವ ಕೋಡರ್‌ಗೆ 2.94 ಡಾಲರ್. ಅದೇ ಅಂಚೆ, ಅದೇ ಕಟ್ಟಡ. ಹೆಚ್ಚು ಕಾಗದ ಸಾಗಿಸೋ ಹೊಸ ಕೆಲಸಕ್ಕೆ ಮುಕ್ಕಾಲು ಡಾಲರ್ ಕಮ್ಮಿ!

ಈಗ ನನ್ನ ಗೆಳೆಯನಿಗೆ ಒಂದು ಪ್ರಶ್ನೆ. ಆ 75 ಸೆಂಟು ಕಡಿಮೆ ಮಾಡಿದ್ದು ಯಾರು? ಯಂತ್ರವೇ? ಯಂತ್ರಕ್ಕೆ 75 ಸೆಂಟಿನ ಆಸೆ ಎಲ್ಲಿರುತ್ತೆ ಸ್ವಾಮಿ? ಯಾರೋ ಒಬ್ಬರು ಮೇಜಿನ ಮುಂದೆ ಕೂತು, "ಇದು ಬುದ್ಧಿ ಬೇಡದ ಕೆಲಸ, ಕೆಳಗಿನ ದರ್ಜೆಗೆ ಹಾಕಿ" ಅಂತ ಬರೆದದ್ದು ಅದು. ನಾವು 'ತಂತ್ರಜ್ಞಾನದ ಪರಿಣಾಮ' ಅಂತ ಕರೆಯೋದರಲ್ಲಿ ಅರ್ಧಕ್ಕರ್ಧ ಇಂಥದ್ದೇ.

ಅಂಚೆ ನೌಕರರ ಸಂಘ ಕೇಳಿದ್ದೇನು? ಯಂತ್ರ ಒಡೀರಿ ಅಂತಲ್ಲ. ಕೋಡರ್‌ಗಳಿಗೂ ಹಳೆಯ ದರ್ಜೆಯ ಸಂಬಳ ಕೊಡಿ, ಯಂತ್ರದಿಂದ ಕೆಲಸ ಬೇಗ ಮುಗಿಯೋದಾದರೆ ವಾರದ ದುಡಿಮೆಯನ್ನು 40 ಗಂಟೆಯಿಂದ 30ಕ್ಕೆ ಇಳಿಸಿ ಅಂತ. ಉಳಿತಾಯ ಆಗುತ್ತೆ ಅಂತ ಹೇಳಿದವರು ನೀವೇ, ಹಾಗಾದ್ರೆ ಅದರಲ್ಲಿ ನಮಗೂ ಒಂದು ಪಾಲಿರಲಿ. ಇದರಲ್ಲಿ ಪೆದ್ದತನ ಎಲ್ಲಿದೆ? ಕೇಳಿದ್ದು ಸಿಗದಿದ್ದಾಗ ಜನಕ್ಕೆ ಕೋಡ್ ಬರೀಬೇಡಿ ಅಂದರು. 1974ರ ಏಪ್ರಿಲ್‌ನಲ್ಲಿ ಮುಷ್ಕರ ಆಯ್ತು. 1975ರ ಮಾರ್ಚ್ 20ನ್ನು ಕೋಡ್ ಬಹಿಷ್ಕಾರದ ದಿನ ಅಂತ ಸಾರಿದರು. ಅದೇ ವರ್ಷದ ಕೊನೆಗೆ 42 ದಿನದ ಇನ್ನೊಂದು ಮುಷ್ಕರ.

ಒಂದು ಮಾತು ಒಪ್ಪಿಕೊಳ್ತೀನಿ. ಬಹಿಷ್ಕಾರ ಗೆಲ್ಲಲಿಲ್ಲ. 1976ರ ಫೆಬ್ರವರಿಯಲ್ಲಿ ಅದನ್ನು ಕೈಬಿಟ್ಟರು. ಇವತ್ತು ಕೆನಡಾದಲ್ಲಿ ಕೋಡ್ ಇಲ್ಲದ ವಿಳಾಸವೇ ಇಲ್ಲ. ತನ್ನ ಜಗಳಕ್ಕೆ ಕಾಗದ ಬರೆಯೋ ಅಜ್ಜಿಯನ್ನು ಎಳೆದು ತರೋದು ಒಳ್ಳೆ ತಂತ್ರ ಅಲ್ಲ ಅಂತ ನನಗೂ ಅನಿಸುತ್ತೆ. ಆದರೆ ಗೆಳೆಯ ಕಥೆಯನ್ನು ಇಲ್ಲಿಗೇ ನಿಲ್ಲಿಸ್ತಾನೆ. ಆ ಮುಷ್ಕರದ ನಂತರದ ಒಪ್ಪಂದದಲ್ಲಿ ತಾಂತ್ರಿಕ ಬದಲಾವಣೆಯ ಬಗ್ಗೆಯೇ ಒಂದು ಕಲಮು ಬಂತು. ಹೊಸ ಯಂತ್ರ ತರೋಕೆ ಮುಂಚೆ ಸಂಘಕ್ಕೆ ತಿಳಿಸಬೇಕು, ನೌಕರರಿಗೆ ಆಗುವ ಹಾನಿಯ ಬಗ್ಗೆ ಕೂತು ಮಾತಾಡಬೇಕು ಅಂತ. ಅದೇನು ಸುಲಭದಲ್ಲಿ ಉಳಿಯಲಿಲ್ಲ. 1978ರಲ್ಲಿ ಮತ್ತೆ ಮುಷ್ಕರ ಆದಾಗ, ಕೆಲಸಕ್ಕೆ ಮರಳಿ ಅಂತ ಸಂಸತ್ತೇ ಕಾನೂನು ಮಾಡಿತು. ಅದಕ್ಕೆ ಬಗ್ಗದ ಸಂಘದ ಅಧ್ಯಕ್ಷ ಜಾನ್-ಕ್ಲೋಡ್ ಪಾರೋ ಜೈಲಿಗೆ ಹೋಗಬೇಕಾಯ್ತು. ಇದೇ ಸಂಘ 1981ರಲ್ಲಿ ಹೋರಾಡಿ 17 ವಾರಗಳ ಸಂಬಳಸಹಿತ ಹೆರಿಗೆ ರಜೆ ಗಳಿಸಿತು.

ಸರಿ, ಇದೆಲ್ಲ ಎಲ್ಲೋ ಕೆನಡಾದ ಹಳೇ ಕಥೆ, ನಿನಗೇನಯ್ಯಾ ಕಷ್ಟ ಅಂತೀರಾ? ಹೇಳ್ತೀನಿ.

ಎರಡು ವರ್ಷದ ಹಿಂದೆ ನಾನೊಂದು ಟೂಲ್ ಬರೆದೆ. ಸ್ಕ್ಯಾನ್ ಆದ ಬಿಲ್ಲುಗಳನ್ನು ಓದಿ, ಮೊತ್ತ, ದಿನಾಂಕ ಹೆಕ್ಕಿ ತೆಗೆಯೋದು. ಅಲ್ಲಿಯವರೆಗೆ ಆ ಕೆಲಸ ಮಾಡ್ತಿದ್ದದ್ದು ನಮ್ಮದೇ ಮಹಡಿಯ ಕೊನೆಯಲ್ಲಿ ಕೂರ್ತಿದ್ದ ಹದಿನಾಲ್ಕು ಜನ. ಅವರಲ್ಲೊಬ್ಬರು, ನಾವೆಲ್ಲ ಅಕ್ಕ ಅಂತ ಕರೀತಿದ್ದವರು, ಯಾವ ಬಿಲ್ಲಿನಲ್ಲಿ ಎಂಥ ತಪ್ಪು ಬರುತ್ತೆ ಅಂತ ಪಕ್ಕದಲ್ಲೇ ಕೂತು ತಾಳ್ಮೆಯಿಂದ ತೋರಿಸಿಕೊಟ್ಟರು. ಅವರು ಹೇಳಿದ್ದನ್ನೇ ನಾನು ಕೋಡಿಗೆ ಇಳಿಸಿದೆ. ಆರು ತಿಂಗಳಲ್ಲಿ ಆ ಮೂಲೆ ಖಾಲಿ. ಅವರಲ್ಲಿ ಮೂವರನ್ನು ಉಳಿಸಿಕೊಂಡರು, ಟೂಲ್ ಮಾಡಿದ ತಪ್ಪು ತಿದ್ದೋಕೆ, ಮುಂಚಿಗಿಂತ ಕಮ್ಮಿ ಸಂಬಳಕ್ಕೆ. ಉಳಿದವರಲ್ಲಿ ಅಕ್ಕನೂ ಹೋದರು. ನನಗೆ ಒಂದು ಫಲಕ, ಒಂದು ಗಿಫ್ಟ್ ವೋಚರ್. ಅದರಲ್ಲಿ ಹೆಡ್‌ಫೋನ್ ತಗೊಂಡೆ.

3.69 ಮತ್ತು 2.94. ಇಲ್ಲೂ ಅದೇ ಲೆಕ್ಕ. ವ್ಯತ್ಯಾಸ ಒಂದೇ, ಇಲ್ಲಿ ಕೇಳೋಕೆ ಯಾರೂ ಇರಲಿಲ್ಲ.

ಈಗ ನಮ್ಮ ಸರದಿ. ಕೋಡ್ ಬರೆಯೋ ಎಐ ಬಂದಿದೆ. ಇವತ್ತು ಸೀನಿಯರ್‌ಗಳು ನಾವು ಅಂದುಕೊಂಡವರು, ನಾಳೆ ಯಂತ್ರ ಬರೆದದ್ದನ್ನು ತಿದ್ದುವ ಕೆಳಗಿನ ದರ್ಜೆಗೆ ಬರಲ್ಲ ಅಂತ ಯಾರು ಹೇಳಿದ್ದು? ಇಲ್ಲಿ ಐಟಿ ನೌಕರರ ಸಂಘ ಇಲ್ಲವೇ ಇಲ್ಲ ಅಂತಲ್ಲ. ಕೆಐಟಿಯು 2017ರಲ್ಲೇ ಹುಟ್ಟಿದೆ. 2024ರಲ್ಲಿ ದಿನಕ್ಕೆ 14 ಗಂಟೆ ದುಡಿಸೋ ಪ್ರಸ್ತಾಪ ಬಂದಾಗ ವಿರೋಧಿಸಿದ್ದೂ ಅವರೇ. ಆದರೆ ನಮ್ಮ ಟೇಬಲ್ಲಿನಲ್ಲಿ ಕೂತಿದ್ದ ಆರು ಜನರಲ್ಲಿ ಒಬ್ಬರೂ ಸದಸ್ಯರಲ್ಲ, ನಾನೂ ಸೇರಿದ ಹಾಗೆ. ಯೂನಿಯನ್ ಅಂದ್ರೆ ಫ್ಯಾಕ್ಟರಿಯವರಿಗೆ, ಪೋಸ್ಟಾಫೀಸಿನವರಿಗೆ. ನಾವು ಪ್ರೊಫೆಷನಲ್ಸ್ ತಾನೇ!

ಯಂತ್ರ ಬರಲಿ. ಅದನ್ನು ಬರೆಯೋದೇ ನನ್ನ ಹೊಟ್ಟೆಪಾಡು, ಬೇಡ ಅಂತ ಹೇಗೆ ಹೇಳಲಿ? ಆದರೆ ಉಳಿದ ಹಣ ಯಾರ ಜೇಬಿಗೆ, ಉಳಿದ ಗಂಟೆ ಯಾರ ಮನೆಗೆ ಅಂತ ಕೇಳೋದು ಯಂತ್ರವಿರೋಧ ಅಲ್ಲ. ಅದು ಲೆಕ್ಕ ಕೇಳೋದು. ಲೆಕ್ಕ ಕೇಳಿದವರನ್ನು ನೋಡಿ ನಗೋದು ನಾನಂತೂ ಬಿಟ್ಟೆ.

ಅಕ್ಕನಿಗೆ ಫೋನ್ ಮಾಡಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ತಿದ್ದೀನಿ. ಇನ್ನೂ ಮಾಡಿಲ್ಲ.

ನೀವೇನಂತೀರಿ?